ಬಗ್ಗಿದವನಿಗೆ ಒಂದು ಗುದ್ದು ಕಡಿಮೆ

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ನಮ್ಮ ಅಪ್ಪನ ಬಾಯಲ್ಲಿ ವಾರಕ್ಕೆ ಎರಡು ಸಲವಾದರೂ ಬರುತ್ತಿತ್ತು. ಶಾಲೆಯಲ್ಲಿ ಯಾರೋ ನನ್ನ ಪೆನ್ಸಿಲ್ ಕಿತ್ತುಕೊಂಡರೆ ಇದೇ ಗಾದೆ, ಪಕ್ಕದ ಮನೆಯವರು ಬೇಲಿಯನ್ನು ಒಂದು ಗೇಣು ಇತ್ತ ಸರಿಸಿದರೂ ಇದೇ ಗಾದೆ. ಹೀಗಾಗಿ ಬಗ್ಗದಿರುವುದೇ ದೊಡ್ಡ ಗುಣ ಎಂದು ನಂಬಿ ಬೆಳೆದೆ. ಹಿಡಿದ ಪಟ್ಟು ಬಿಡದವಳು ಎಂದು ಮನೆಯಲ್ಲೂ ಕಚೇರಿಯಲ್ಲೂ ಹೆಸರಾಯಿತು. ಅದು ಹೊಗಳಿಕೆಯೋ ದೂರೋ ಎಂದು ವಿಚಾರಿಸಲು ಹೋಗಲಿಲ್ಲ.

ನಲವತ್ತಮೂರನೆಯ ವಯಸ್ಸಿನಲ್ಲಿ ಜುಜುತ್ಸು ಎಂಬ ಜಪಾನೀ ಕಾಳಗ ವಿದ್ಯೆಯ ತರಗತಿಗೆ ಸೇರಿದಾಗ ಸೆನ್ಸೈ, ಅಂದರೆ ಗುರು, ಮೊದಲ ದಿನವೇ ಆ ಹೆಸರನ್ನು ಬಿಡಿಸಿ ಹೇಳಿದರು. ‘ಜು’ ಎಂದರೆ ಮೃದು, ಬಾಗುವಂಥದ್ದು, ಎದುರಿನ ಬಲಕ್ಕೆ ಎಡೆ ಕೊಡುವಂಥದ್ದು. ‘ಜುತ್ಸು’ ಎಂದರೆ ವಿದ್ಯೆ. ಒಟ್ಟಿನಲ್ಲಿ ಬಾಗುವ ವಿದ್ಯೆ. ಸರಿಯಾದ ಕೋಣೆಗೇ ಬಂದಿದ್ದೇನೆಯೇ ಎಂದು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದೆ.

ಸೇರಲು ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಯಾರೂ ನನ್ನ ಮೇಲೆ ಕೈ ಮಾಡಿರಲಿಲ್ಲ. ಆದರೆ ಕತ್ತಲಾದ ಮೇಲೆ ಖಾಲಿ ರಸ್ತೆಯಲ್ಲಿ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿದರೆ ಕೀಲಿಕೈಯನ್ನು ಬೆರಳ ಸಂದಿಗೆ ಸಿಕ್ಕಿಸಿಕೊಳ್ಳುವ ಚಾಳಿ ಯಾವಾಗಲೋ ಅಂಟಿಕೊಂಡಿತ್ತು. (ಹಾಗೆ ಗುದ್ದಿದರೆ ಮೊದಲು ನೋಯುವುದು ನಮ್ಮ ಬೆರಳೇ ಎಂದು ಆಮೇಲೆ ತಿಳಿಯಿತು.) ಆ ಚಾಳಿಯ ಮೇಲೆ ನನಗೆ ಸಿಟ್ಟಿತ್ತು. ಹೆದರುವ ಬದಲು ಗುದ್ದುವುದನ್ನೇ ನೆಟ್ಟಗೆ ಕಲಿತುಬಿಡೋಣ ಎಂದು ಹೊರಟಿದ್ದೆ.

ಗುದ್ದುವುದನ್ನು ಯಾರೂ ಕಲಿಸಲಿಲ್ಲ. ಆರು ವಾರ ಬೀಳುವುದನ್ನು ಕಲಿಸಿದರು.

ಬೀಳುವ ಕಲೆಗೆ ಉಕೆಮಿ ಎಂದು ಹೆಸರು. ಮೊದಲು ಕುಕ್ಕರಗಾಲಿನಲ್ಲಿ ಕುಳಿತು ಹಿಂದಕ್ಕೆ ಉರುಳುವುದು. ಗದ್ದ ಎದೆಗೆ ಅಂಟಿರಬೇಕು, ಕಣ್ಣು ಸೊಂಟಪಟ್ಟಿಯ ಗಂಟಿನ ಮೇಲೆ ನೆಟ್ಟಿರಬೇಕು, ಆಗ ತಲೆಯ ಹಿಂಭಾಗ ನೆಲಕ್ಕೆ ತಾಗುವುದಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿರಬೇಕು. ಬೆನ್ನು ಮ್ಯಾಟಿಗೆ ತಾಗುವ ಹೊತ್ತಿಗೆ ಸರಿಯಾಗಿ ಎರಡೂ ತೋಳುಗಳು ಮೈಯಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಫಟ್ಟೆಂದು ನೆಲಕ್ಕೆ ಬಡಿಯಬೇಕು. ಅದೇ ಹೊತ್ತಿಗೆ ಉಸಿರು ಹೊರಗೆ ಹೋಗಬೇಕು. ಬಿದ್ದ ಪೆಟ್ಟು ಒಂದೇ ಕಡೆ ಕೂರದೆ ಮೈಯೆಲ್ಲ ಹಂಚಿಹೋಗಲಿ ಎಂಬುದಕ್ಕೆ ಇಷ್ಟೆಲ್ಲ. ಕುಳಿತು ಬಿದ್ದದ್ದಾದ ಮೇಲೆ ನಿಂತು ಬೀಳುವುದು, ಆಮೇಲೆ ಪಕ್ಕಕ್ಕೆ, ಆಮೇಲೆ ಮುಂದಕ್ಕೆ ಭುಜದ ಮೇಲೆ ಉರುಳುತ್ತ. ಬೀಳುವಾಗ ಮಾಡಲೇಬಾರದ ಕೆಲಸವೆಂದರೆ ಕೈ ಊರುವುದು. ಊರಿದ ಅಂಗೈಯ ಮೇಲೆ ಮೈಯ ಭಾರವೆಲ್ಲ ಬಂದರೆ ಮಣಿಕಟ್ಟಿನ ಮೂಳೆ ತಡೆಯುವುದಿಲ್ಲ. ಇದನ್ನು ನನಗೆ ಎಷ್ಟು ಸಲ ಹೇಳಿದರೆಂದರೆ, ನಿದ್ದೆಯಲ್ಲಿ ಕೇಳಿದ್ದರೂ ಒಪ್ಪಿಸುತ್ತಿದ್ದೆ.

ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎನ್ನುತ್ತಾರಲ್ಲ, ಅದನ್ನು ನಾವು ಸಮಜಾಯಿಷಿ ಕೊಡುವವರನ್ನು ಗೇಲಿ ಮಾಡಲು ಬಳಸುತ್ತೇವೆ. ಉಕೆಮಿ ಕಲಿತ ಮೇಲೆ ಆ ಮಾತನ್ನು ಗೇಲಿಯಿಲ್ಲದೆ ಹೇಳಬಹುದು ಅನ್ನಿಸಿತ್ತು. ಬಿದ್ದವರಿಗೆ ಬಿದ್ದದ್ದರಿಂದಲೇ ಗಾಯವಾಗದಿದ್ದರೆ ಅವರು ಇನ್ನೂ ಆಟದಲ್ಲಿದ್ದಾರೆ ಎಂದು ತಾನೇ ಅರ್ಥ? ಈ ವಿಚಾರದಲ್ಲಿ ನಾನು ಬಹಳ ಬೀಗುತ್ತಿದ್ದೆ.

ಮೂರನೆಯ ತಿಂಗಳಲ್ಲಿ ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿತು. ನಾನು ಕೈ ಊರಿದೆ.

ಎಡ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಮ್ಯಾಟಿನ ಮೇಲೆ ಬೀಳುವಾಗ ಬೀಳುತ್ತೇನೆ ಎಂದು ಮೊದಲೇ ತಿಳಿದಿರುತ್ತದೆ, ಮೆಟ್ಟಿಲು ಹಾಗೆ ಹೇಳಿ ಕೇಳಿ ಜಾರುವುದಿಲ್ಲ. ಸೆನ್ಸೈಗೆ ಫೋನ್ ಮಾಡಿ ಇನ್ನು ಎರಡು ತಿಂಗಳು ಬರಲಾಗುವುದಿಲ್ಲ ಎಂದೆ. “ಏಕೆ, ಕಣ್ಣಿಗೂ ಪ್ಲಾಸ್ಟರ್ ಹಾಕಿದ್ದಾರೆಯೇ?” ಎಂದು ಕೇಳಿದರು. ಅವರು ಅರವತ್ತು ದಾಟಿದ ಹೆಂಗಸು. ನನಗಿಂತ ಕುಳ್ಳು. ಮಾತು ಕಡಿಮೆ, ಆಡಿದರೆ ಹೀಗೆ.

ಆ ಆರು ವಾರ ಗೋಡೆಗೆ ಒರಗಿ ಕುಳಿತು ನೋಡಿದೆ. ಈಗ ಯೋಚಿಸಿದರೆ, ಜುಜುತ್ಸು ನನ್ನ ತಲೆಗೆ ಹತ್ತಿದ್ದು ಅಲ್ಲಿ ಕುಳಿತೇ. ಮೊದಲೆಲ್ಲ ಎಸೆತ ನೋಡುವಾಗ ನನ್ನ ಕಣ್ಣು ಕೈಗಳ ಮೇಲೆಯೇ ಇರುತ್ತಿತ್ತು, ಎಲ್ಲಿ ಹಿಡಿದರು, ಹೇಗೆ ತಿರುಚಿದರು ಎಂದು. ದಿನವೂ ಅದನ್ನೇ ನೋಡಿ ಬೇಸರ ಬಂದು ಒಂದು ಸಂಜೆ ಬರೀ ಪಾದಗಳನ್ನು ನೋಡುತ್ತ ಕುಳಿತೆ. ಆಗ ಕಂಡಿತು. ಬೀಳುವವರು ಎಸೆತಕ್ಕಿಂತ ಮೊದಲೇ ಬಿದ್ದಿರುತ್ತಾರೆ. ಹಿಮ್ಮಡಿ ಒಂದು ಕೂದಲೆಳೆಯಷ್ಟು ನೆಲ ಬಿಟ್ಟಿರುತ್ತದೆ, ಭಾರವೆಲ್ಲ ಒಂದು ಪಾದದ ಹೊರ ಅಂಚಿಗೆ ಹರಿದಿರುತ್ತದೆ. ಉಳಿದದ್ದು ಬರೀ ಶಾಸ್ತ್ರ.

ಇದಕ್ಕೆ ಕುಜುಶಿ ಎನ್ನುತ್ತಾರೆ, ಸಮತೋಲ ಕೆಡಿಸುವುದು. ಮೂರು ಕಾಲಿನ ಸ್ಟೂಲು ಎತ್ತ ತಳ್ಳಿದರೂ ಸ್ವಲ್ಪ ತಡೆದು ನಿಲ್ಲುತ್ತದೆ. ಮನುಷ್ಯನಿಗೆ ಇರುವುದು ಎರಡೇ ಕಾಲು. ಎರಡು ಪಾದಗಳ ನಡುವೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯ ಉದ್ದಕ್ಕೆ ಎಷ್ಟು ತಳ್ಳಿದರೂ ಗಟ್ಟಿ ಆಳು ಅಲುಗುವುದಿಲ್ಲ. ಗೆರೆಗೆ ಅಡ್ಡಲಾಗಿ, ಮೂರನೆಯ ಕಾಲು ಇರಬೇಕಾಗಿದ್ದ ಕಡೆಗೆ ಎಳೆದರೆ ಎಂಥವನೂ ಒಂದು ಹೆಜ್ಜೆ ಇಡಲೇಬೇಕು. ಆ ಹೆಜ್ಜೆ ಇಡಲು ಕಾಲು ಎತ್ತಿದಾಗ ಅವನು ಒಂಟಿಗಾಲಿನವನು. ಸೊಂಟದ ಎಸೆತವಾದ ಓ-ಗೋಶಿಯಲ್ಲಿ ಎಸೆಯುವವಳು ಮಂಡಿ ಬಗ್ಗಿಸಿ ತನ್ನ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ತೂರಿಸುತ್ತಾಳೆ. ಅಷ್ಟು ಹೊತ್ತಿಗೆ ಅವನ ಭಾರ ಮುಂದಕ್ಕೆ ವಾಲಿದ್ದರೆ ಅವಳ ಸೊಂಟ ಸನ್ನೆಗೋಲಿನ ಆನಿಕೆಯಂತೆ ಕೆಲಸ ಮಾಡುತ್ತದೆ. ವಾಲಿರದಿದ್ದರೆ? ಬೆನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಇಲ್ಲಿ ಕುಳ್ಳಗಿರುವುದು ಲಾಭವೆಂದು ಗೊತ್ತಾದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಈ ಕುಜುಶಿಯನ್ನು ಪಾಠದ ಮೊದಲ ಮೆಟ್ಟಿಲಾಗಿ ಬಿಡಿಸಿ ಇಟ್ಟವರು ಜೂಡೊ ಹುಟ್ಟುಹಾಕಿದ ಕಾನೊ ಜಿಗೊರೊ. ಹುಟ್ಟಿದ್ದು 1860ರಲ್ಲಿ. ಮೈಕಟ್ಟಿನಲ್ಲಿ ಸಣ್ಣವರು, ಶಾಲೆಯಲ್ಲಿ ದೊಡ್ಡ ಹುಡುಗರಿಂದ ಸಾಕಷ್ಟು ಕಾಟ ತಿಂದವರು. ಅವರು ಜುಜುತ್ಸು ಕಲಿಯಬೇಕೆಂದು ಹೊರಟ ಕಾಲಕ್ಕೆ ಆ ವಿದ್ಯೆಯೇ ಬೇಡವಾದ ಸರಕಾಗಿತ್ತು. ಅದು ಹಳೆಯ ಜಪಾನಿನ ಯೋಧರಾದ ಸಮುರಾಯಿಗಳ ವಿದ್ಯೆ, ಕವಚ ತೊಟ್ಟವನ ಮೇಲೆ ಬರಿಗೈ ಗುದ್ದು ನಾಟದ ಕಡೆ ಹಿಡಿದು, ಕೆಡವಿ, ಕೀಲು ತಿರುಚುವ ವಿದ್ಯೆ. ಹೆಸರು ಉಳಿದಿರುವ ಹಳೆಯ ಪರಂಪರೆಗಳಲ್ಲಿ ತಾಕೆನೊಉಚಿ-ರ್ಯು 1532ರಷ್ಟು ಹಿಂದಿನದು. 1868ರಲ್ಲಿ ಮೇಯ್ಜಿ ಚಕ್ರವರ್ತಿಯ ಆಡಳಿತ ಬಂತು, 1876ರಲ್ಲಿ ಸಮುರಾಯಿಗಳು ಬೀದಿಯಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದೂ ನಿಷೇಧವಾಯಿತು. ಗುರುಗಳಿಗೆ ಕೆಲಸವಿಲ್ಲ, ಶಿಷ್ಯರಿಗೆ ಆಸಕ್ತಿಯಿಲ್ಲ. ಹುಡುಕಿ ಹುಡುಕಿ ಕಾನೊ ಸೇರಿದ್ದು ಫುಕುದಾ ಹಾಚಿನೊಸುಕೆ ಎಂಬ ಗುರುವಿನ ಹತ್ತಿರ. ಒಂದು ಎಸೆತವನ್ನು ಹೇಗೆ ಮಾಡುವುದು ಎಂದು ಕೇಳಿದರೆ ಆ ಗುರು ವಿವರಿಸುತ್ತಿರಲಿಲ್ಲ, ಬಾ ಎಂದು ಕರೆದು ಎಸೆಯುತ್ತಿದ್ದರು. ಮತ್ತೆ ಕೇಳಿದರೆ ಮತ್ತೆ ಎಸೆಯುತ್ತಿದ್ದರು. ನಮ್ಮ ಸೆನ್ಸೈಯ ವಂಶವೃಕ್ಷ ಎಲ್ಲಿಂದ ಬಂದಿದೆ ಎಂದು ಇದನ್ನು ಓದಿದಾಗ ಅರ್ಥವಾಯಿತು.

ಕಾನೊ 1882ರಲ್ಲಿ ಟೋಕಿಯೊದ ಏಯ್ಶೋಜಿ ಎಂಬ ಬೌದ್ಧ ದೇವಾಲಯದ ಕೋಣೆಯಲ್ಲಿ, ಹನ್ನೆರಡು ಚಾಪೆಯಷ್ಟು ಜಾಗದಲ್ಲಿ, ಕೊಡೊಕಾನ್ ಎಂಬ ತಮ್ಮ ಶಾಲೆ ಶುರು ಮಾಡಿದರು. ಅಲ್ಲಿ ಬೆಳೆದದ್ದೇ ಜೂಡೊ. ‘ಜು’ ಎಂಬುದನ್ನು ಅವರು ಲೆಕ್ಕದಲ್ಲಿ ಹೇಳುತ್ತಿದ್ದರು. ಎದುರಿನವನ ಬಲ ಹತ್ತು, ನನ್ನದು ಏಳು ಎಂದಿಟ್ಟುಕೊಳ್ಳಿ. ಅವನು ತಳ್ಳುತ್ತಾನೆ, ನಾನೂ ತಳ್ಳಿದರೆ ಸೋಲು ಖಚಿತ. ಅವನು ತಳ್ಳಿದಷ್ಟೇ ನಾನು ಹಿಂದೆ ಸರಿದು ನನ್ನ ಸಮತೋಲ ಉಳಿಸಿಕೊಂಡರೆ ಅವನು ಮುಗ್ಗರಿಸುತ್ತಾನೆ. ಮುಗ್ಗರಿಸಿದ ಭಂಗಿಯಲ್ಲಿ ಅವನ ಹತ್ತು ಮೂರಕ್ಕೆ ಇಳಿಯುತ್ತದೆ. ನನ್ನ ಏಳು ಹಾಗೆಯೇ ಇದೆ. ಆಗ ಅದರಲ್ಲಿ ಅರ್ಧ ಖರ್ಚು ಮಾಡಿದರೂ ಸಾಕು.

ಲೆಕ್ಕ ಚೆನ್ನಾಗಿದೆ. ಆದರೆ ಅಪ್ಪನ ಗಾದೆ? ಬದುಕಿನಲ್ಲಿ ಹಿಂದೆ ಸರಿದವರನ್ನು ಜನ ಇನ್ನೂ ಹಿಂದಕ್ಕೆ ತಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನಲ್ಲ. ಪ್ಲಾಸ್ಟರ್ ಬಿಚ್ಚಿ ಮ್ಯಾಟಿಗೆ ಮರಳಿದ ದಿನ ಸೆನ್ಸೈಗೆ ಇದನ್ನೇ ಕೇಳಿದೆ. ಉತ್ತರ ಕೊಡುವ ಬದಲು ನನ್ನ ಎರಡೂ ಭುಜಕ್ಕೆ ಕೈಯಿಟ್ಟು ತಳ್ಳಿದರು. ಬಗ್ಗದೆ ನಿಂತೆ. ನಿಂತ ಭಂಗಿಯಲ್ಲೇ ಹಿಂದಕ್ಕೆ ಜಾರುತ್ತ ಹೋದೆ. “ಈಗ ಬಾಗಿ” ಎಂದರು. ಸೊಂಟದಿಂದ ಬಾಗಿದೆ. ಇನ್ನೂ ಸುಲಭವಾಗಿ ತಳ್ಳಿದರು, ಕುಕ್ಕರಿಸಿ ಬಿದ್ದೆ. ಅಪ್ಪನ ಗಾದೆ ಸಾಕ್ಷಾತ್ತಾಗಿ ಮ್ಯಾಟಿನ ಮೇಲೆ ಬಂದು ನಿಂತಿತ್ತು.

“ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ನಾನು ತಳ್ಳುತ್ತಿರುವ ಜಾಗದಲ್ಲೇ ನಿಂತಿರಬೇಡಿ” ಎಂದರು.

ಮೂರನೆಯ ಸಲ ಅವರ ಕೈ ತಾಗುವಾಗ ಮಂಡಿ ಸಡಿಲಿಸಿ, ಎಡಗಾಲನ್ನು ಹಿಂದಕ್ಕೆ ಕಮಾನಿನಂತೆ ತಂದು ಮೈ ತಿರುಗಿಸಿದೆ. ತಳ್ಳಿದ್ದು ನನ್ನ ಎದೆಯ ಮುಂದಿನಿಂದ ಹಾದುಹೋಯಿತು, ಹಿಂದೆಯೇ ಸೆನ್ಸೈ ಕೂಡ. ಅವರ ಬೆನ್ನು ನನ್ನ ಎದುರಿಗಿತ್ತು. ಇದನ್ನು ತಾಯಿ ಸಬಾಕಿ ಎನ್ನುತ್ತಾರೆ, ಮೈ ತಿರುವುವುದು. ಬಾಗುವುದರಲ್ಲಿ ಎರಡು ಬಗೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಸೊಂಟ ಬಾಗಿದರೆ ತಲೆ ಮುಂದೆ ಬರುತ್ತದೆ, ಕಣ್ಣು ನೆಲ ನೋಡುತ್ತದೆ, ಪಾದ ಇದ್ದಲ್ಲೇ ಇರುತ್ತದೆ. ಗುದ್ದುವವನಿಗೆ ಇದಕ್ಕಿಂತ ಅನುಕೂಲದ ಭಂಗಿ ಇನ್ನೊಂದಿಲ್ಲ. ಗಾದೆ ಕಂಡದ್ದು ಈ ಬಾಗುವಿಕೆಯನ್ನು. ಮಂಡಿ ಬಾಗಿದರೆ ತಲೆ ಬೆನ್ನ ಮೇಲೆಯೇ ಇರುತ್ತದೆ, ಕಣ್ಣು ಎದುರಿನವನನ್ನು ನೋಡುತ್ತಿರುತ್ತದೆ, ಪಾದ ಓಡಾಡಬಲ್ಲದು. ಹೊಡೆಯಲು ಬಂದವನಿಗೆ ಹೊಡೆಯಬೇಕಾದದ್ದು ಸಿಗುವುದಿಲ್ಲ. ಇದನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. “ಮಂಡಿ ನೋವಿದ್ದವರು ಏನು ಮಾಡಬೇಕು?” ಎಂದು ಕೇಳಿದರು. ಪಟ್ಟು ಬಿಡದ ಗುಣ ನನಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಓದಿ ಇದೆಲ್ಲ ಸಲೀಸು ಎಂದುಕೊಂಡರೆ ತಪ್ಪು. ಮಣಿಕಟ್ಟು ಬಿಡಿಸಿಕೊಳ್ಳುವ ಪಟ್ಟನ್ನೇ ತೆಗೆದುಕೊಳ್ಳಿ, ಆತ್ಮರಕ್ಷಣೆ ಎಂದರೆ ಎಲ್ಲರೂ ಮೊದಲು ತೋರಿಸುವುದು ಇದನ್ನೇ. ಹಿಡಿದ ಮುಷ್ಟಿಯಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳೊಂದೇ ಇನ್ನೊಂದು ಕಡೆ. ಹೆಬ್ಬೆರಳಿನ ತುದಿ ಉಳಿದ ಬೆರಳುಗಳಿಗೆ ಸಂಧಿಸುವಲ್ಲಿ ಬಾಗಿಲಿದ್ದಂತೆ ಒಂದು ಸಂದು. ನಮ್ಮ ಮಣಿಕಟ್ಟಿನ ತೆಳ್ಳಗಿನ ಅಂಚನ್ನು ಆ ಸಂದಿನ ಕಡೆ ತಿರುಗಿಸಿ ಎಳೆದರೆ ಬಿಡುಗಡೆ. ತತ್ತ್ವ ಸರಿಯಾಗಿಯೇ ಇದೆ. ನಾನೂ ಹತ್ತಾರು ಸಲ ಚೆಂದವಾಗಿ ಬಿಡಿಸಿಕೊಂಡಿದ್ದೆ.

ಒಂದು ದಿನ ನನ್ನ ಜೊತೆಗೆ ಹೊಸದಾಗಿ ಸೇರಿದ್ದ ಕಾಲೇಜು ಹುಡುಗನನ್ನು ಹಾಕಿದರು. ನನಗಿಂತ ಇಪ್ಪತ್ತೈದು ಕಿಲೊ ಹೆಚ್ಚು. ಹಿಡಿದುಕೊಂಡ. ತಿರುಗಿಸಿದೆ, ಎಳೆದೆ, ಮತ್ತೆ ಎಳೆದೆ. ಭುಜ ಕಳಚಿ ಬರುವಂತಾಯಿತು, ಕೈ ಬರಲಿಲ್ಲ. ಪಾಪ, ಹುಡುಗನಿಗೇ ಮುಜುಗರವಾಗಿ “ಮೇಡಂ, ಸ್ವಲ್ಪ ಸಡಿಲ ಮಾಡಲೇ?” ಎಂದು ಪಿಸುಗುಟ್ಟಿದ. ಆ ಮಾತು ನನಗೆ ಯಾವ ಗುದ್ದಿಗಿಂತಲೂ ಜೋರಾಗಿ ತಾಗಿತು. ಇಷ್ಟು ದಿನ ಎಲ್ಲರೂ ಸ್ವಲ್ಪ ಸಡಿಲ ಮಾಡಿಯೇ ಹಿಡಿಯುತ್ತಿದ್ದರು ಎಂದಾಯಿತಲ್ಲ.

ಸೆನ್ಸೈ ಬಂದು ನನ್ನ ಮೊಣಕೈ ಮುಟ್ಟಿ, “ಕೈಯನ್ನು ನಿಮ್ಮ ಕಡೆಗೆ ಎಳೆಯುತ್ತಿದ್ದೀರಿ. ಮೊಣಕೈಯನ್ನು ಅವನ ಮೊಣಕೈ ಕಡೆಗೆ ಒಯ್ಯಿರಿ” ಎಂದರು. ಅಂದರೆ ಹಿಡಿದವನಿಂದ ದೂರ ಹೋಗುವ ಬದಲು ಒಂದು ಹೆಜ್ಜೆ ಹತ್ತಿರ ಹೋಗಬೇಕು. ಹಾಗೆ ಹೋದಾಗ ನನ್ನ ಮುಂಗೈ ಸನ್ನೆಗೋಲಾಯಿತು, ಅವನ ಹೆಬ್ಬೆರಳು ಇಡೀ ನನ್ನ ಮೈಭಾರಕ್ಕೆ ಎದುರಾಯಿತು, ಕೈ ಜಾರಿ ಹೊರಬಂತು. ಆದರೆ ಐದರಲ್ಲಿ ಮೂರು ಸಲ ಮಾತ್ರ. ಉಳಿದೆರಡು ಸಲ ಅವನು ನಾನು ಬರುವುದನ್ನು ಮೊದಲೇ ಕಂಡು ಇನ್ನೊಂದು ಕೈಯನ್ನೂ ತಂದ.

ಒಂದು ದಿನದ ಶಿಬಿರಗಳ ಮೇಲೆ, ಅರ್ಧ ನಿಮಿಷದ ವಿಡಿಯೊಗಳ ಮೇಲೆ ನನಗಿರುವ ಅಸಮಾಧಾನ ಇಲ್ಲಿಂದ ಹುಟ್ಟಿದ್ದು. ಅಲ್ಲಿ ಹಿಡಿಯುವವನು ಹಿಡಿದು ಸುಮ್ಮನೆ ನಿಂತಿರುತ್ತಾನೆ. ಹಾಗೆ ಕಲಿತವರು ತಮಗೆ ಬರುತ್ತದೆ ಎಂದು ನಂಬಿ ಮನೆಗೆ ಹೋಗುತ್ತಾರೆ. ಏನೂ ಗೊತ್ತಿಲ್ಲದವರಾದರೆ ಕೂಗಿಕೊಂಡು ಓಡಬಹುದಿತ್ತು, ಇವರು ನಿಂತು ಪಟ್ಟು ಹಾಕಲು ನೋಡುತ್ತಾರೆ. ಕಾನೊ ಮಾಡಿದ ಬದಲಾವಣೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನ್ನಿಸುವುದು ಇದಕ್ಕೆ ಸಂಬಂಧಿಸಿದ್ದು. ಗುದ್ದು, ಒದೆ ಮತ್ತು ತೀರ ಅಪಾಯದ ಪಟ್ಟುಗಳನ್ನು ಅವರು ಕಾತಾಕ್ಕೆ, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳ ಅಭ್ಯಾಸಕ್ಕೆ ಮೀಸಲಿಟ್ಟರು. ಉಳಿದವುಗಳಲ್ಲಿ ಇಬ್ಬರೂ ನಿಜವಾಗಿ ಗೆಲ್ಲಲು ಯತ್ನಿಸುವ ರಾಂದೊರಿಗೆ ಒತ್ತು ಕೊಟ್ಟರು. ಕಣ್ಣಿಗೆ ಚುಚ್ಚುವುದನ್ನು ಪೂರ್ತಿ ಬಲದಿಂದ ಅಭ್ಯಾಸ ಮಾಡಲಾಗುವುದಿಲ್ಲ, ಸೊಂಟದ ಎಸೆತವನ್ನು ದಿನಕ್ಕೆ ನೂರು ಸಲ ಮಾಡಬಹುದು. ಕಾನೊ ಅವರ ಕೊಡೊಕಾನಿನಲ್ಲಿ ಕಲಿತ ಮಾಎದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್ ತಲುಪಿದರು, ಅವರಿಂದ ಅಲ್ಲಿನ ಗ್ರೇಸಿ ಕುಟುಂಬಕ್ಕೆ ಬಂದ ವಿದ್ಯೆ ನೆಲದ ಮೇಲಿನ ಹೋರಾಟವಾಗಿ ಬೆಳೆಯಿತು. 1993ರಲ್ಲಿ ಡೆನ್ವರ್‌ನಲ್ಲಿ ನಡೆದ ಯುಎಫ್‌ಸಿ ಎಂಬ, ಬೇರೆ ಬೇರೆ ಕಾಳಗ ವಿದ್ಯೆಯವರು ಸೆಣಸುವ ಪಂದ್ಯಾವಳಿಯ ಮೊದಲ ಕೂಟದಲ್ಲಿ ಸಾಧಾರಣ ಮೈಕಟ್ಟಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಮಣಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರಿಂದ ಗಾತ್ರ ಲೆಕ್ಕಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕಕ್ಕಿಲ್ಲದಿದ್ದರೆ ಸ್ಪರ್ಧೆಗಳಲ್ಲಿ ತೂಕದ ವಿಭಾಗಗಳೇಕೆ? ಇಬ್ಬರಿಗೂ ವಿದ್ಯೆ ಸಮನಾಗಿದ್ದರೆ ಭಾರವಿದ್ದವನು ಗೆಲ್ಲುತ್ತಾನೆ.

ನೆಲದ ವಿಷಯಕ್ಕೆ ಬಂದೆ. ಇದನ್ನು ಬರೆಯುವುದು ಸ್ವಲ್ಪ ಕಷ್ಟ.

ಅಂಗಾತ ಮಲಗಿದವಳ ಹೊಟ್ಟೆಯ ಮೇಲೆ ಇನ್ನೊಬ್ಬರು ಎರಡೂ ಬದಿಗೆ ಕಾಲು ಹಾಕಿ ಕೂರುವುದು. ಇದನ್ನು ಮೌಂಟ್ ಎನ್ನುತ್ತಾರೆ. ಮೊದಲ ಸಲ ಆ ಹುಡುಗ ಕುಳಿತಾಗ, ಅವನು ಸಭ್ಯ, ತರಗತಿ ತುಂಬ ಜನ, ದೀಪಗಳೆಲ್ಲ ಉರಿಯುತ್ತಿವೆ, ಇಷ್ಟೆಲ್ಲ ಗೊತ್ತಿದ್ದೂ ನನ್ನ ಉಸಿರು ಕಟ್ಟಿತು. ಎದೆಯ ಮೇಲೆ ಒತ್ತುವ ಭಾರಕ್ಕೆ ಮೈ ತನ್ನದೇ ಉತ್ತರ ಕೊಡುತ್ತದೆ, ತೋಳು ಚಾಚಿ ತಳ್ಳುತ್ತದೆ. ಚಾಚಿದ ತೋಳು ಎಂದರೆ ಮೇಲಿದ್ದವನಿಗೆ ಮೊಣಕೈ ಕೀಲನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ. ಎರಡು ಸೆಕೆಂಡಿನಲ್ಲಿ ಮ್ಯಾಟನ್ನು ಬಡಿದೆ. ಅವನು ಕೂಡಲೇ ಎದ್ದ.

ಈ ಬಡಿಯುವುದು, ಎರಡು ಮೂರು ಸಲ ಅಂಗೈಯಿಂದ ಮ್ಯಾಟನ್ನೋ ಜೊತೆಯವರ ಮೈಯನ್ನೋ ತಟ್ಟುವುದು, ಸಾಕು ಎಂಬ ಸಂಜ್ಞೆ. ತಟ್ಟಿದ ಕೂಡಲೇ ಬಿಡಬೇಕು. ಇದರಲ್ಲಿ ವಾದವಿಲ್ಲ. ಕತ್ತು ಹಿಡಿಯುವ ಪಟ್ಟುಗಳಲ್ಲಿ ಕತ್ತಿನ ಎರಡು ಬದಿಯ ರಕ್ತನಾಳಗಳನ್ನು ಸರಿಯಾಗಿ ಅದುಮಿದರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹಾಗಾಗಿ ತಟ್ಟಲು ತಡ ಮಾಡುವುದು ಧೈರ್ಯವಲ್ಲ, ದಡ್ಡತನ. ಪಟ್ಟು ಬಿಡದ ನನಗೆ ತಟ್ಟುವುದನ್ನು ಕಲಿಯಲು ಎಸೆತ ಕಲಿಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಒಂದು ಸಲ ಹಟಕ್ಕೆ ಬಿದ್ದು ತಟ್ಟದೆ ಉಳಿದು ಮೊಣಕೈ ಊದಿಸಿಕೊಂಡು ಎರಡು ವಾರ ಬಾಟಲಿ ಮುಚ್ಚಳ ತೆಗೆಯಲಾರದೆ ಕುಳಿತಿದ್ದೆ. ಸೆನ್ಸೈ ಸಂತಾಪ ಸೂಚಿಸಲಿಲ್ಲ.

ಆದರೆ ದಿನಕ್ಕೆ ಐದು ಸಲ ಆ ಭಾರದ ಕೆಳಗೆ ಮಲಗಿ ಮಲಗಿ ಒಂದು ಬದಲಾವಣೆ ಬಂತು. ಉಸಿರಾಡಲು ಇನ್ನೂ ಜಾಗವಿದೆ ಎಂದು ಎದೆಗೆ ತಿಳಿಯಿತು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ಅವನಿಗೆ ಹಿಡಿಯಲು ಏನೂ ಸಿಗುವುದಿಲ್ಲ ಎಂದು ತಿಳಿಯಿತು. ಆಮೇಲೆ ಕಿವಿಗೆ ಬಿದ್ದ ಸೂಚನೆಗಳಿಗೆ ಅರ್ಥ ಬರತೊಡಗಿತು. ಅವನ ಒಂದು ಕೈಯನ್ನು ಎದೆಗೆ ಅವುಚಿ ಹಿಡಿ. ಅದೇ ಬದಿಯ ಪಾದವನ್ನು ನಿನ್ನ ಪಾದದಿಂದ ಹೊರಗಿನಿಂದ ಬಂಧಿಸು. ಈಗ ಆ ಕಡೆಗೆ ಅವನಿಗೆ ಊರಲು ಕೈಯೂ ಇಲ್ಲ, ಕಾಲೂ ಇಲ್ಲ. ಹಿಮ್ಮಡಿಗಳನ್ನು ಪೃಷ್ಠದ ಹತ್ತಿರಕ್ಕೆ ಎಳೆದುಕೊಂಡು ಸೊಂಟವನ್ನು ಸೇತುವೆಯಂತೆ ಮೇಲಕ್ಕೆತ್ತು, ಆಮೇಲೆ ಕಟ್ಟಿಹಾಕಿದ ಕಡೆಗೆ ಉರುಳು. ಗೋಡೆಗೆ ಒರಗಿ ಕುಳಿತು ಪಾದಗಳನ್ನು ನೋಡುವಾಗ ಕಂಡ ಸಂಗತಿಯೇ ಇಲ್ಲಿಯೂ ಇತ್ತು, ಇಲ್ಲದ ಕಾಲಿನ ಕಡೆಗೆ ಕೆಡವುವುದು. ಅದು ಮೊದಲ ಸಲ ನಿಜವಾಗಿ ಆದ ದಿನ ನಾನು ಆ ಹುಡುಗನ ಮೇಲೆ ಕುಳಿತು ಏನು ಮಾಡಬೇಕೆಂದು ತೋಚದೆ ಅವನ ಮುಖ ನೋಡಿದೆ. “ಮೇಡಂ, ಈಗ ಎದ್ದು ಓಡಬೇಕು” ಎಂದು ಅವನೇ ನೆನಪಿಸಿದ.

ಅವನು ಹೇಳಿದ್ದು ಸರಿ. ಆತ್ಮರಕ್ಷಣೆಯಲ್ಲಿ ನೆಲ ಉಳಿಯುವ ಜಾಗವಲ್ಲ. ಬಿದ್ದವನ ಸ್ನೇಹಿತ ಎಲ್ಲಿದ್ದಾನೆ ಎಂದು ನಮಗೆ ಗೊತ್ತಿರುವುದಿಲ್ಲ, ಅವನ ಜೇಬಿನಲ್ಲಿ ಏನಿದೆ ಎಂದೂ ಗೊತ್ತಿರುವುದಿಲ್ಲ. ಚಾಕು ಕಂಡರೆ ಏನು ಮಾಡಬೇಕು ಎಂದು ಹೊಸಬರು ಕೇಳುವುದನ್ನು ಮರೆಯುವುದೇ ಇಲ್ಲ. ನಮ್ಮ ತರಗತಿಯಲ್ಲಿ ಅದಕ್ಕೆ ಒಂದು ಬಿಳಿ ಅಂಗಿ, ಒಂದು ಕೆಂಪು ಮಾರ್ಕರ್ ಇದೆ. ಮಾರ್ಕರನ್ನು ಚಾಕುವೆಂದು ಹಿಡಿದವನ ಕೈಯನ್ನು ತಡೆಯಬೇಕು. ಅರ್ಧ ನಿಮಿಷದ ನಂತರ ಅಂಗಿಯನ್ನು ನೋಡಿದವರು ಆ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. ನನ್ನ ಅಂಗಿಯ ಮೇಲೆ ಹನ್ನೊಂದು ಗೆರೆಗಳಿದ್ದವು.

ಜುಜುತ್ಸುವಿನ ಇನ್ನೊಂದು ಗುಣವನ್ನೂ ಹೇಳಬೇಕು. ಗುದ್ದಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಕೀಲಿನ ಪಟ್ಟನ್ನು ಅರ್ಧಕ್ಕೆ ನಿಲ್ಲಿಸಬಹುದು, ಬಿಗಿ ಮಾಡಬಹುದು, ಸಡಿಲಿಸಬಹುದು. ಅಪಾಯ ತಪ್ಪಿಸಲು ಬಲ ಬೇಕೇ ಬೇಕಾಗಿತ್ತೇ, ಬೇಕಾದಷ್ಟನ್ನು ಮಾತ್ರ ಬಳಸಿದಿರಾ ಎಂದು ಕಾನೂನು ಆಮೇಲೆ ಕೇಳುತ್ತದೆ. ಹಿಡಿತದಲ್ಲಿ ಅದಕ್ಕೆ ಉತ್ತರ ಕೊಡಲು ಆಸ್ಪದವಿದೆ, ಮುರಿದ ದವಡೆಯಲ್ಲಿ ಕಡಿಮೆ.

ಜುಜುತ್ಸು ಕಲಿತ ಹೆಂಗಸರ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಈಡಿತ್ ಗ್ಯಾರಡ್. ಎತ್ತರ 4 ಅಡಿ 11 ಅಂಗುಲ. ಲಂಡನ್ನಿನಲ್ಲಿ ಜಪಾನೀ ಗುರುಗಳಿಂದ ಕಲಿತು, ಮತದಾನದ ಹಕ್ಕಿಗಾಗಿ ಬೀದಿಗಿಳಿದಿದ್ದ ಹೆಂಗಸರಿಗೆ ಜುಜುತ್ಸು ಕಲಿಸಿದವರು. 1913ರಲ್ಲಿ ಬ್ರಿಟಿಷ್ ಸರ್ಕಾರ ಹೊಸ ಕಾಯ್ದೆ ತಂದಿತು. ಸೆರೆಯಲ್ಲಿ ಉಪವಾಸ ಮಾಡಿ ನಿತ್ರಾಣರಾದವರನ್ನು ಬಿಡುವುದು, ಚೇತರಿಸಿಕೊಂಡ ಮೇಲೆ ಮತ್ತೆ ಹಿಡಿಯುವುದು. ಜನ ಅದನ್ನು ಬೆಕ್ಕು ಇಲಿಯ ಕಾಯ್ದೆ ಎಂದು ಕರೆದರು. ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಮತ್ತೆ ಸೆರೆಯಾಗದಂತೆ ಕಾಯಲು ಸುಮಾರು ಮೂವತ್ತು ಹೆಂಗಸರ ಅಂಗರಕ್ಷಕ ದಳ ಹುಟ್ಟಿತು, ಅವರಿಗೆ ತರಬೇತಿ ಕೊಟ್ಟದ್ದು ಗ್ಯಾರಡ್. ದೊಡ್ಡ ಮೈಯ ಪೊಲೀಸನನ್ನು ಪುಟ್ಟ ಹೆಂಗಸು ಎತ್ತಿ ಎಸೆಯುವ ವ್ಯಂಗ್ಯಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ನನಗೆ ಇಷ್ಟವಾಗುವುದು ಆ ಚಿತ್ರಗಳಿಗಿಂತ ಅವರ ಉಳಿದ ಉಪಾಯಗಳು. ಪ್ಯಾಂಕ್‌ಹರ್ಸ್ಟ್ ಅವರಂತೆಯೇ ಉಡುಪು ತೊಟ್ಟ ಇನ್ನೊಬ್ಬಳನ್ನು ಮುಂಬಾಗಿಲಿನಿಂದ ಕಳಿಸಿ, ಪೊಲೀಸರು ಅವಳ ಹಿಂದೆ ಹೋದಾಗ ನಿಜವಾದವರನ್ನು ಬೇರೆ ದಾರಿಯಿಂದ ಸಾಗಿಸುವುದು. ಹತ್ತನ್ನು ಏಳರಿಂದ ಎದುರಿಸದೆ ಹತ್ತನ್ನು ಬೇರೆ ಬೀದಿಗೆ ಅಟ್ಟುವುದು. 1914ರ ಮಾರ್ಚ್‌ನಲ್ಲಿ ಗ್ಲಾಸ್ಗೋದ ಸಭೆಯಲ್ಲಿ ಆದದ್ದು ನೇರ ಕಾಳಗ. ವೇದಿಕೆಯ ಅಂಚಿನ ಹೂವಿನ ಅಲಂಕಾರದಡಿ ಮುಳ್ಳುತಂತಿ ಬಚ್ಚಿಟ್ಟಿದ್ದರೂ ಸಂಖ್ಯೆಯಲ್ಲಿ ಹೆಚ್ಚಿದ್ದ ಪೊಲೀಸರು ನಾಯಕಿಯನ್ನು ಹಿಡಿದುಕೊಂಡೇ ಹೋದರು.

ಕೊನೆಗೂ ನನ್ನ ಸರದಿ ಬಂತು. ಎರಡು ವರ್ಷದ ಅಭ್ಯಾಸದ ನಂತರ, ಹಗಲು ಹೊತ್ತಿನಲ್ಲಿ, ವಾಹನ ನಿಲ್ಲಿಸುವ ಜಾಗದ ಬಗ್ಗೆ ಒಬ್ಬರೊಡನೆ ಜಗಳ. ಮಾತಿಗೆ ಮಾತು ಬೆಳೆಯಿತು. ನಾನು ಹೊರಟವಳು ತಿರುಗಿ ಬಂದು ಇನ್ನೊಂದು ಮಾತು ಹೇಳಿದೆ. ಅವರು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು, ಅದೇ ಮುರಿದು ಕೂಡಿದ ಎಡ ಮಣಿಕಟ್ಟು. ಮಂಡಿ ತಾನಾಗಿ ಸಡಿಲವಾಯಿತು, ಮೊಣಕೈ ಅವರ ಮೊಣಕೈ ಕಡೆಗೆ ಹೋಯಿತು, ಕೈ ಹೊರಬಂತು. ಅದು ಆದ ಮೇಲೆಯೇ ನನಗೆ ಆದದ್ದು ಗೊತ್ತಾಯಿತು. ಅವರು ತಮ್ಮ ಖಾಲಿ ಕೈಯನ್ನು ನೋಡಿಕೊಂಡರು. ನಾನು ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಚ್ಚಿ ಹಿಡಿದು, ದೂರ ನಿಲ್ಲಿ ಎಂದು ಸುತ್ತಲಿನವರಿಗೆ ಕೇಳುವಂತೆ ಹೇಳಿ, ಹಿಂದಕ್ಕೆ ಹೆಜ್ಜೆ ಹಾಕಿ, ಹೊರಟುಬಂದೆ. ಅರ್ಧ ಗಂಟೆ ಬೆರಳು ನಡುಗುತ್ತಿದ್ದವು. ಕೀಲಿ ತಿರುಗಿಸಲು ಮೂರು ಸಲ ಯತ್ನಿಸಬೇಕಾಯಿತು.

ಮರುದಿನ ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗ ಚಪ್ಪಾಳೆ ತಟ್ಟಿದ. ಉಳಿದವರು ಎರಡೆರಡು ಸಲ ಹೇಳಿಸಿಕೊಂಡರು, ಎರಡನೆಯ ಸಲ ನಾನು ಕಥೆಗೆ ಸ್ವಲ್ಪ ಬಣ್ಣ ಕಟ್ಟಿದೆ ಎಂದೇ ತೋರುತ್ತದೆ. ಸೆನ್ಸೈ ಪೂರ್ತಿ ಕೇಳಿಸಿಕೊಂಡು, “ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನೀವು ಏಕೆ ನಿಂತಿದ್ದಿರಿ?” ಎಂದು ಕೇಳಿದರು.

ಮಾಆಯಿ ಎಂಬ ಪದವನ್ನು ಮೊದಲ ವಾರವೇ ಹೇಳಿಕೊಟ್ಟಿದ್ದರು, ಇಬ್ಬರ ನಡುವೆ ಇರಬೇಕಾದ ಅಂತರ. ಒಂದು ತೋಳು, ಅದರ ಮೇಲೊಂದು ಹೆಜ್ಜೆ. ನನಗೆ ಚೆನ್ನಾಗಿ ಗೊತ್ತಿತ್ತು. ಹೊರಟು ಆ ಅಂತರದಾಚೆಗೆ ಹೋಗಿಯೂ ಆಗಿತ್ತು.

“ಕೊನೆಯ ಮಾತು ನನ್ನದಾಗಬೇಕಿತ್ತು” ಎಂದೆ.

ಅವರು ಏನೂ ಹೇಳದೆ ಮ್ಯಾಟಿನ ಕಡೆ ಕೈ ತೋರಿಸಿದರು. ಆ ಸಂಜೆ ನಲವತ್ತು ಸಲ ಬಿದ್ದೆ.